ತುದಿಮನೆಯ ಬಾಟ್ಲಿ

ಮಧ್ಯಾಹ್ನ ಒಂದು ಗಂಟೆಗೆ ಹಿಡಿದ ಮಳೆ ಸಂಜೆ ಆರಾದರೂ ಬಿಡುವ ಲಕ್ಷಣ ಕಾಣಲಿಲ್ಲ. ನಾಲ್ಕಕ್ಕೆ ಕರೆಂಟು ಹೋಯಿತು. ಐದಕ್ಕೆ ಹಳ್ಳದ ಕಿರುಸೇತುವೆ ಮುಳುಗಿತೆಂದು ಡ್ರೈವರು ಅರ್ಧ ದಾರಿಯಿಂದ ಜೀಪು ತಿರುಗಿಸಿಕೊಂಡು ವಾಪಸು ಬಂದ. ಹೀಗಾಗಿ ನೀರು ಪರೀಕ್ಷೆಯ ಆ ಪುಟ್ಟ ಕಚೇರಿಯಲ್ಲಿ ಅವತ್ತು ಸಿಕ್ಕಿಬಿದ್ದವರು ಐದು ಜನ. ಮುಂದಿನ ಕೋಣೆಯಲ್ಲಿ ಕುರ್ಚಿಗಳಿದ್ದರೂ ಐವರೂ ಬಂದು ಕೂತದ್ದು ಹಿಂದಿನ ಬಾಟ್ಲಿ ತೊಳೆಯುವ ಕೋಣೆಯಲ್ಲಿ, ಯಾಕೆಂದರೆ ಒಲೆ ಇದ್ದದ್ದು ಅಲ್ಲೊಂದೇ ಕಡೆ.

ಕೋಣೆ ದೊಡ್ಡದೇನಲ್ಲ. ಒಂದು ಗೋಡೆಗೆ ಕಲ್ಲಿನ ತೊಟ್ಟಿ, ಅದರ ಮೇಲೊಂದು ಹಿತ್ತಾಳೆ ನಲ್ಲಿ. ಎದುರು ಗೋಡೆಗೆ ಹಲಗೆಯ ಗೂಡು, ಅದರಲ್ಲಿ ಬೋರಲು ಹಾಕಿದ ನೂರಾರು ಗಾಜಿನ ಬಾಟ್ಲಿಗಳು. ಬಾಗಿಲ ಪಕ್ಕ ಮರದ ಪೆಟ್ಟಿಗೆ. ಊರೂರಿನಿಂದ ತಂದ ಕುಡಿಯುವ ನೀರಿನ ಬಾಟ್ಲಿಗಳು ಆ ಪೆಟ್ಟಿಗೆಯೊಳಗೆ, ಒಂದು ಬಲ್ಬಿನ ಶಾಖದಲ್ಲಿ, ಒಂದು ಹಗಲು ಒಂದು ರಾತ್ರಿ ಇರುತ್ತವೆ. ಬಾಟ್ಲಿಯೊಳಗೆ ಮೊದಲೇ ಮದ್ದು ಹಚ್ಚಿದ ಕಾಗದದ ಚೂರು ಹಾಕಿರುತ್ತಾರೆ. ನೀರಿಗೆ ಹೊಲಸು ಸೇರಿದ್ದರೆ ನೀರು ಕಪ್ಪಾಗುತ್ತದೆ, ಸೇರದಿದ್ದರೆ ಇದ್ದ ಹಾಗೇ ಇರುತ್ತದೆ. ಅಷ್ಟೇ ಪರೀಕ್ಷೆ. ಓದು ಬಾರದವರಿಗೂ ಅರ್ಥವಾಗುವಂಥದ್ದು.

ಕೋಣೆಯ ಯಜಮಾನಿ ಬಾಟ್ಲಿ ಅಜ್ಜಿ. ಮೂವತ್ತೆಂಟು ವರ್ಷ ಇಲ್ಲಿ ಬಾಟ್ಲಿ ತೊಳೆದು, ಕುದಿಸಿ, ಒಣಗಿಸಿದವಳು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ದಿನಾ ಬೆಳಿಗ್ಗೆ ಬರುತ್ತಾಳೆ. ಬರಬೇಡ ಎನ್ನುವ ಧೈರ್ಯ ಯಾವ ಅಧಿಕಾರಿಗೂ ಬಂದಿಲ್ಲ. ಕರೆಂಟು ಹೋದೊಡನೆ ಅವಳು ಬಿಸಿನೀರಿನ ಕೊಡವೊಂದನ್ನು ಪೆಟ್ಟಿಗೆಯೊಳಗಿಟ್ಟು, ಮೇಲೆ ಕಂಬಳಿ ಹೊದಿಸಿ, “ನಾನಿರೋವರೆಗೆ ಇದು ತಣ್ಣಗಾಗಲ್ಲ,” ಎಂದು ಎಲ್ಲರಿಗೂ ಚಹಾ ಬಗ್ಗಿಸಿ ಕೊಟ್ಟಳು.

ಒಲೆಗೆ ಹತ್ತಿರ ಡ್ರೈವರು ಮತ್ತು ಅವನ ಜೀಪಿನಲ್ಲಿ ಹೊರಟಿದ್ದ ನರ್ಸು. ತೊಟ್ಟಿಯ ಕಟ್ಟೆಯ ಮೇಲೆ, ಕಾಲು ಇಳಿಬಿಟ್ಟುಕೊಂಡು, ಟ್ಯಾಂಕಿನ ವಾಲ್ವು ತಿರುಗಿಸುವ ವಾಲ್ವ್‌ಮನ್ನು. ಪೆಟ್ಟಿಗೆಯ ಪಕ್ಕದಲ್ಲಿ, ಯಾರ ಮುಖವನ್ನೂ ನೋಡದೆ, ಸ್ಯಾಂಪಲ್ಲಮ್ಮ.

ಊರೂರು ತಿರುಗಿ ನೀರಿನ ಸ್ಯಾಂಪಲ್ಲು ಹಿಡಿದು ತರುವುದು ಅವಳ ಕೆಲಸ, ಆದ್ದರಿಂದ ಹೋದ ಊರಲ್ಲೆಲ್ಲ ಆ ಹೆಸರೇ ನಿಂತಿದೆ. ಕೆಲಸಕ್ಕೆ ಸೇರಿ ಆರು ತಿಂಗಳು. ಮನೆಯಲ್ಲಿ ನಾಲ್ಕು ವರ್ಷದ ಮಗಳು, ಅತ್ತೆ. ಅವತ್ತು ಪೆಟ್ಟಿಗೆಯೊಳಗೆ ಅವಳಿಟ್ಟ ಐದು ಬಾಟ್ಲಿಗಳಿದ್ದವು. ನಾಲ್ಕರಲ್ಲಿದ್ದದ್ದು ನಾಲ್ಕು ಊರಿನ ನೀರೇ. ಐದನೆಯದಕ್ಕೆ ಅಂಟಿಸಿದ ಚೀಟಿಯಲ್ಲಿ ‘ತುದಿಮನೆ, ಬಾವಿ, ಮಧ್ಯಾಹ್ನ ೨.೧೫’ ಎಂದು ಅವಳದೇ ದುಂಡು ಅಕ್ಷರ. ಬೆಟ್ಟದ ನೆತ್ತಿಯ ಒಂಬತ್ತು ಮನೆಗಳಿಗೆ ಎಲ್ಲರೂ ಹಾಗೇ ಅನ್ನುವುದು, ತುದಿಮನೆ ಎಂದು. ಎರಡು ತಾಸಿನ ಏರು. ಅವಳು ಅಲ್ಲಿಗೆ ಹೋಗಿರಲಿಲ್ಲ. ಮೂರೂವರೆಗೆ, ತೊಯ್ದು ತೊಪ್ಪೆಯಾಗಿ ಕಚೇರಿಗೆ ಬಂದವಳು, ಅಜ್ಜಿ ಸಕ್ಕರೆ ತರಲು ಮುಂದಿನ ಕೋಣೆಗೆ ಹೋದ ಒಂದು ನಿಮಿಷದಲ್ಲಿ, ಇದೇ ಹಿತ್ತಾಳೆ ನಲ್ಲಿಯಿಂದ ಆ ಬಾಟ್ಲಿ ತುಂಬಿದ್ದಳು.

ಹಿಂದೆ ಐದು ಸಲ ಹತ್ತಿ ತಂದಾಗಲೂ ತುದಿಮನೆಯ ನೀರು ಕಪ್ಪಾಗಿರಲಿಲ್ಲ. ಆರನೆಯ ಸಲ ಆಗುತ್ತದೆಯೇ? ಹೀಗೆಂದು ಅವಳು ತನಗೇ ಎಷ್ಟು ಸಲ ಹೇಳಿಕೊಂಡರೂ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಮೊನ್ನೆ ತುದಿಮನೆಯ ಸೊಸೆಯೊಬ್ಬಳು ಫೋನು ಮಾಡಿದ್ದಳು. “ಅಕ್ಕಾ, ಬಾವಿ ನೀರು ಯಾಕೋ ವಾಸನೆ ಬರ್ತಿದೆ. ಬಂದು ನೋಡಿ. ನೀವು ಸರಿ ಅಂದ್ರೆ ಕುಡೀತೀವಿ.” ಇವತ್ತು ಬಂದು ನೀರು ಹಿಡಿದು, ನಾಳೆ ಫಲಿತಾಂಶ ಹೇಳುತ್ತೇನೆ ಎಂದು ಇವಳು ಮಾತು ಕೊಟ್ಟಿದ್ದಳು.

“ಅಜ್ಜಿ, ಇಂಥಾ ಮಳೇಲಿ ಒಂದು ದೆವ್ವದ ಕತೆ ಆಗ್ಲಿ,” ಎಂದ ಡ್ರೈವರು.

“ನಿಂಗೆ ಕತೆ ಬೇರೆ ಕೇಡು! ಸೇತುವೆ ಹತ್ರ ನೀರು ನೋಡೇ ಓಡಿ ಬಂದೋನು ನೀನು.”

“ನೀರಿಗೆ ಹೆದರಿದೆ ಅಜ್ಜಿ, ದೆವ್ವಕ್ಕಲ್ಲ.”

“ಎರಡೂ ಒಂದೇ ಆಗಿದ್ದ ಕಾಲ ಒಂದಿತ್ತು ಕಣಯ್ಯಾ,” ಎಂದಳು ಅಜ್ಜಿ. ಒಲೆಯೊಳಗೆ ಇನ್ನೊಂದು ಸೌದೆ ತಳ್ಳಿ, ಮಣೆ ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತಳು. “ಹೇಳ್ತೀನಿ. ಆದ್ರೆ ನಡುವೆ ಬಾಯಿ ಹಾಕೋ ಹಾಗಿಲ್ಲ. ವಾಲ್ವಣ್ಣಾ, ನಿಂಗೇ ಹೇಳಿದ್ದು. ಮತ್ತೆ, ಇದು ಕತೆ ಅಲ್ಲ. ಕತೆ ಅಂದ್ರೆ ಮುಗಿಯುತ್ತೆ.”

ಅವಳು ತೊಟ್ಟಿಯ ಕಡೆ ಗಲ್ಲ ಎತ್ತಿ ತೋರಿಸಿದಳು.

“ಆ ನಲ್ಲಿ ನೋಡಿದ್ರಾ? ಅದೇ ನಲ್ಲಿ. ಆಗ ನಂಗೆ ಮೂವತ್ತೂ ತುಂಬಿರ್ಲಿಲ್ಲ. ವಾಷರ್ರು ಎಷ್ಟೋ ಸಲ ಬದಲಾಯ್ಸಿದಾರೆ, ಹಿತ್ತಾಳೆ ಮಾತ್ರ ಅದೇ. ದೊಡ್ಡ ಟ್ಯಾಂಕಿಂದ ಬರೋ ನೀರು, ಬ್ಲೀಚಿಂಗ್ ಪುಡಿ ಹಾಕಿದ್ದು, ಸೋಸಿದ್ದು... ಅದನ್ನ ಬಾಟ್ಲಿಗೆ ಹಿಡಿದು ಎಷ್ಟು ದಿನ ಇಟ್ರೂ ಕಪ್ಪಾಗೋ ಮಾತೇ ಇಲ್ಲ. ಅದು ನಂಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯ್ತು ನೋಡಿ.

“ಆಗ ಊರೂರು ತಿರುಗಿ ನೀರು ತರ್ತಿದ್ದೋನು ನನ್ನ ತಮ್ಮ. ನನ್ನ ಬೆನ್ನಿಗೆ ಹುಟ್ಟಿದೋನು. ಅಮ್ಮ ಹೋದ ಮೇಲೆ ನಾನೇ ಎತ್ತಿ ಆಡಿಸಿ ಬೆಳೆಸಿದ್ದು. ಮಾತು ಅಂದ್ರೆ ಮಾತು, ಅವನು ಒಂದು ಬಾಟ್ಲಿ ನೀರು ಹಿಡಿಯೋಷ್ಟರಲ್ಲಿ ಆ ಮನೆಯ ಮೂರು ತಲೆಮಾರಿನ ಸುದ್ದಿ ತಿಳ್ಕೊಂಡು ಬರ್ತಿದ್ದ. ಕೆಲಸದಲ್ಲಿ ಕಳ್ಳತನ ಇರ್ಲಿಲ್ಲ, ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಹಾಗಿರೋವಾಗ ಒಂದು ಮಳೆಗಾಲ... ಇದೇ ಥರ, ಆಕಾಶಕ್ಕೆ ತೂತು ಬಿದ್ದಂಥಾ ಮಳೆ... ಅವನು ಜಾರಿ ಬಿದ್ದು ಮೊಣಕಾಲು ಹೀಗೆ, ಕುಂಬಳಕಾಯಿ ಆದ ಹಾಗೆ ಊದಿಸ್ಕೊಂಡ. ಸೋಮವಾರ. ನಾಲ್ಕು ಊರಿನ ಬಾಟ್ಲಿ ಹೇಗೋ ಕುಂಟ್ಕೊಂಡು ತಂದಿದ್ದ. ತುದಿಮನೆ ಉಳಿದಿತ್ತು. ‘ಅಕ್ಕಾ, ನಾನು ಹತ್ತಿ ಬರ್ತೀನಿ’ ಅಂತ ಕೋಲು ಹುಡುಕ್ತಿದ್ದ. ಯಾರು ತಡೆದದ್ದು? ನಾನು ತಡೆದೆ! ‘ಕೂತ್ಕೊಳೋ ಸುಮ್ನೆ. ಆ ನೀರು ಹುಟ್ಟಿದಾಗಿಂದ ಕಪ್ಪಾಗಿಲ್ಲ. ಬಾಟ್ಲಿ ಕೊಡಿಲ್ಲಿ’ ಅಂದೆ. ಈ ಕೈಯಲ್ಲಿ ಆ ನಲ್ಲಿ ತಿರುಗಿಸಿದೆ. ಈ ಕೈಯಲ್ಲಿ ಚೀಟಿ ಬರೆದೆ.”

ಸ್ಯಾಂಪಲ್ಲಮ್ಮನ ಕೈಯಲ್ಲಿದ್ದ ಚಹಾ ತುಳುಕಿ ಸೀರೆಯ ಮೇಲೆ ಬಿತ್ತು.

“ಬಿಸಿ ಇತ್ತಾ?” ಎಂದಳು ನರ್ಸು.

“ಹ್ಞೂಂ... ಇಲ್ಲ,” ಎಂದಳು ಸ್ಯಾಂಪಲ್ಲಮ್ಮ. ಅಜ್ಜಿ ತನ್ನ ಕಡೆ ನೋಡುತ್ತಿದ್ದಾಳೋ ಎಂದು ಓರೆಗಣ್ಣಲ್ಲಿ ನೋಡಿದಳು. ಅಜ್ಜಿ ಒಲೆಯನ್ನೇ ನೋಡುತ್ತಿದ್ದಳು.

“ಮಂಗಳವಾರ ಪೆಟ್ಟಿಗೆ ತೆಗೆದೆ. ನಾಲ್ಕು ಬಾಟ್ಲಿ ಇದ್ದ ಹಾಗೇ ಇತ್ತು. ಐದನೇದು... ತುದಿಮನೆ ಅಂತ ಚೀಟಿ ಇದ್ದದ್ದು... ಕಪ್ಪು. ಸುಮ್ನೆ ಕಪ್ಪಲ್ಲ ರೀ, ಮಸಿ! ಮುಚ್ಚಳ ತೆಗೆದ್ರೆ ಕೊಳೆತ ಮೊಟ್ಟೆ ನಾತ. ನಾನು ಹೆದರಿದ್ನಾ? ಇಲ್ಲ. ಸಿಟ್ಟು ಬಂತು! ನಾನು ತೊಳೆದ ಬಾಟ್ಲಿ ಹೊಲಸು ಅಂದ್ರೆ ಏನರ್ಥ? ನಾನು ತೊಳೆದ ಬಾಟ್ಲೀಲಿ ಮಗೂಗೆ ಹಾಲು ಕುಡಿಸ್ಬಹುದಿತ್ತು. ಅದನ್ನ ಚೆಲ್ಲಿ, ಬೇರೆ ಬಾಟ್ಲಿ ತಗೊಂಡು, ಎರಡು ಸಲ ಕುದಿಸಿ, ಅದೇ ನಲ್ಲಿಯಿಂದ ಮತ್ತೆ ತುಂಬಿ, ಚೀಟಿ ಅಂಟಿಸಿ ಇಟ್ಟೆ. ಬುಧವಾರ ಬೆಳಿಗ್ಗೆ... ಮಸಿ.

“ಆಗ ತಲೆ ಓಡಿಸಿದೆ. ಏನಂದ್ಕೊಂಡ್ರಿ ನನ್ನ? ಎರಡು ಬಾಟ್ಲಿ ಜೊತೆಗೆ ಹಿಡಿದೆ, ಒಂದೇ ನಲ್ಲಿ, ಒಂದೇ ಉಸಿರು. ಒಂದಕ್ಕೆ ‘ತೊಳೆಯೋ ಕೋಣೆ’ ಅಂತ ಬರೆದೆ, ಇನ್ನೊಂದಕ್ಕೆ ‘ತುದಿಮನೆ’. ಗುರುವಾರ ನೋಡಿದ್ರೆ ತೊಳೆಯೋ ಕೋಣೆ ನೀರು ತಿಳಿಯಾಗಿದೆ, ತುದಿಮನೆ ಕಪ್ಪು. ಸರಿ, ಚೀಟಿ ಕಿತ್ತು ಅದಲು ಬದಲು ಮಾಡಿ ಅಂಟಿಸಿದೆ. ಮಧ್ಯಾಹ್ನ ಊಟ ಮಾಡಿ ಬರೋಷ್ಟರಲ್ಲಿ, ತಿಳಿ ಇದ್ದದ್ದು ಕಪ್ಪಾಗಿ ಕೂತಿತ್ತು. ನೀರಲ್ಲಿ ಏನೂ ಇರ್ಲಿಲ್ಲ ಕಣ್ರಪ್ಪಾ. ಚೀಟಿ ಎಲ್ಲಿಗೆ ಹೋಗುತ್ತೋ ಕಪ್ಪು ಅಲ್ಲಿಗೆ ಹೋಗ್ತಿತ್ತು.

“ಆಗ ಹೆದರಿದೆ. ಸುಳ್ಳು ಯಾಕೆ ಹೇಳ್ಲಿ?”

ಮಾಡಿನ ಮೇಲೆ ಮಳೆ ಒಮ್ಮೆ ಜೋರಾಗಿ ಹೊಡೆದು ಮತ್ತೆ ಹದಕ್ಕೆ ಬಂತು. ಡ್ರೈವರು ಗೊತ್ತಾಗದ ಹಾಗೆ ಕುಂಡೆ ಜಾರಿಸಿ ಒಲೆಯ ಇನ್ನೂ ಹತ್ತಿರಕ್ಕೆ ಸರಿದ.

“ಸಾಹೇಬರಿಗೆ ಹೇಳ್ಬೇಕಿತ್ತು ಅಲ್ವಾ? ಹೇಳ್ಬೇಕಿತ್ತು. ಆದ್ರೆ ಕಪ್ಪು ಅಂತ ಬರೆದ್ರೆ ಸಾಹೇಬರು ಮೊದಲು ಕೇಳೋದು ಏನು? ‘ಬಾವಿ ಹೇಗಿತ್ತು, ಸುತ್ತ ಏನಿತ್ತು, ನೀನು ಯಾವಾಗ ಹತ್ತಿದ್ದೆ’ ಅಂತ. ನನ್ನ ತಮ್ಮ ಏನು ಹೇಳ್ತಾನೆ? ಅವನ ಕೆಲಸ ಹೋಗುತ್ತೆ. ಅತ್ತ ದರಿ, ಇತ್ತ ಪುಲಿ. ಯೋಚನೆ ಮಾಡಿದೆ, ಮಾಡಿದೆ... ಆಮೇಲೆ ಚೀಟಿ ಇಲ್ಲದ ತಿಳಿನೀರಿನ ಬಾಟ್ಲಿ ಸೆರಗಲ್ಲಿ ಇಟ್ಕೊಂಡು ಹೋಗಿ, ಸಾಹೇಬರ ಮೇಜಿನ ಹತ್ರ ನಿಂತು, ಕೊನೇ ಗಳಿಗೇಲಿ ಚೀಟಿ ಅಂಟಿಸಿ ತೋರಿಸ್ದೆ. ಅದು ಕಪ್ಪಾಗೋ ಮುಂಚೆ ಅವರು ‘ಕುಡಿಯಲು ಯೋಗ್ಯ’ ಅಂತ ರುಜು ಹಾಕಿ ಆಗಿತ್ತು. ಭಾರೀ ಜಾಣೆ ನಾನು! ಚಾಪೆ ಕೆಳಗೆ ತೂರೋರು ಇದ್ರೆ ರಂಗೋಲಿ ಕೆಳಗೆ ತೂರೋಳು.

“ಅವತ್ತು ಸಂಜೆ, ದೀಪ ಹಚ್ಚೋ ಹೊತ್ತು. ನಾನು ಇಲ್ಲೇ, ತೊಟ್ಟಿ ಹತ್ರ. ಬಾಗಿಲಲ್ಲಿ ಯಾರೋ ನಿಂತ ಹಾಗಾಯ್ತು. ತಿರುಗಿ ನೋಡಿದ್ರೆ ವಯಸ್ಸಾದ ಹೆಂಗಸು. ಕೈಯಲ್ಲಿ ಖಾಲಿ ತಂಬಿಗೆ. ತಂಬಿಗೆ ಹಿಡಿದ ಎಡಗೈಯಲ್ಲಿ ಕಿರುಬೆರಳು ಇರ್ಲಿಲ್ಲ. ‘ಏನಮ್ಮಾ?’ ಅಂದೆ. ‘ನಾನು ತುದಿಮನೆಯೋಳು. ನಮ್ಮ ನೀರು ಹೇಗಿದೆಯಮ್ಮಾ? ಮಕ್ಕಳು ಕುಡೀಬಹುದಾ?’ ಅಂದ್ಳು.

“ನೋಡಿ, ಅಲ್ಲೊಂದು ಅವಕಾಶ ಕೊಟ್ಟಿದ್ಲು ನಂಗೆ. ‘ಗೊತ್ತಿಲ್ಲ’ ಅಂದಿದ್ರೆ ಸಾಕಿತ್ತು. ಒಂದೇ ಒಂದು ಮಾತು! ಎಲುಬಿಲ್ಲದ ನಾಲಿಗೆ... ‘ಚೆನ್ನಾಗಿದೆಯಮ್ಮಾ, ಧಾರಾಳವಾಗಿ ಕುಡೀರಿ’ ಅಂದ್ಬಿಟ್ಟೆ. ‘ಹಾಗಾ... ಹಾಗಾದ್ರೆ ಹೋಗಿ ಹೇಳ್ತೀನಿ’ ಅಂತ ಅವಳು ನಕ್ಕು ಹೊರಟಳು. ಎಷ್ಟು ನಂಬಿಕೆಯ ನಗು ಗೊತ್ತಾ? ಅವಳು ಹೋದ ಮೇಲೆ ಬಾಗಿಲು ಹಾಕೋಕೆ ಎದ್ದೆ. ಹೊರಗೆ ಮಳೆ ಧೋ ಅಂತಿದೆ. ಅವಳು ನಿಂತಿದ್ದ ಜಾಗದಲ್ಲಿ ಒಂದು ಹನಿ ನೀರಿಲ್ಲ. ಆಗ ನೆನಪಾಯ್ತು, ಅವಳ ಸೀರೆ, ತಲೆಗೂದಲು, ಯಾವ್ದೂ ನೆನೆದಿರ್ಲಿಲ್ಲ ಅಂತ.”

“ಅಯ್ಯೋ,” ಎಂದಳು ನರ್ಸು, ಮೆಲ್ಲಗೆ.

“ಮಾರನೇ ದಿನ ತಮ್ಮನಿಗೆ ಹೇಳಿದೆ. ಕಿರುಬೆರಳು ಅಂದ ತಕ್ಷಣ ಅವನು, ‘ಅದು ತುದಿಮನೆ ದೊಡ್ಡಮ್ಮ ಅಲ್ವಾ! ನಾನು ಹತ್ತಿದಾಗೆಲ್ಲ ಮೊದಲು ಕುಡಿಯೋಕೆ ಕೊಡೋಳು ಅವಳೇ. ಈ ವಯಸ್ಸಲ್ಲಿ ಈ ಮಳೇಲಿ ಇಳಿದು ಬಂದ್ಲಾ? ನಂಗೋಸ್ಕರ ಕಾದು ಕಾದು ಬಂದಿರ್ತಾಳೆ’ ಅಂತ ಒದ್ದಾಡಿದ. ಶನಿವಾರ ಬೆಳಿಗ್ಗೆ ನಾನು ಬೇಡ ಬೇಡ ಅಂದ್ರೂ ಕೋಲೂರಿಕೊಂಡು ಹೊರಟೇಬಿಟ್ಟ. ಎರಡು ತಾಸಿನ ದಾರಿಗೆ ಐದು ತಾಸು ಹಿಡೀತಂತೆ.

“ಬಾವಿ ಇನ್ನೂ ಇಷ್ಟು ದೂರ ಇರೋವಾಗ್ಲೇ ಅವನಿಗೆ ಕಾಣಿಸ್ತು. ಬಾವಿ ಕಟ್ಟೆ ಒಂದು ಮಗ್ಗುಲು ಕುಸಿದು, ಮೇಲಿನ ಕೊಟ್ಟಿಗೆಯ ಗುಂಡೀಲಿದ್ದ ಗಂಜಲ, ಸಗಣಿ, ಎಲ್ಲಾ ಮಳೆನೀರಿನ ಜೊತೆ ಸೀದಾ ಬಾವಿಗೆ ಇಳೀತಿತ್ತು. ಬಾಟ್ಲಿ ಬೇಡ, ಮದ್ದಿನ ಕಾಗದ ಬೇಡ, ಏನೂ ಬೇಡ... ಸೋಮವಾರ ಒಬ್ಬರು ಹೋಗಿ ನಿಂತಿದ್ರೆ ಕಣ್ಣೇ ಸಾಕಿತ್ತು. ನಾನು ಅವನನ್ನ ಕೂರಿಸಿದ್ದೆ.

“ದೊಡ್ಡಮ್ಮನ ಮನೆಗೆ ಹೋಗಿ ‘ದೊಡ್ಡಮ್ಮಾ’ ಅಂತ ಕೂಗಿದನಂತೆ. ಮಗಳು ಹೊರಗೆ ಬಂದು, ‘ಅಮ್ಮ ಹೋಗಿ ಆರನೇ ದಿನ ಅಣ್ಣಾ’ ಅಂದ್ಳಂತೆ. ವಾಂತಿ, ಭೇದಿ. ಸೋಮವಾರ ಮಧ್ಯಾಹ್ನ, ನಾನು ಇಲ್ಲಿ ನಲ್ಲಿ ತಿರುಗಿಸಿದ ಹೊತ್ತಿಗೆ ಸರಿಯಾಗಿ ಉಸಿರು ನಿಂತಿತ್ತು. ನನ್ನ ಹತ್ರ ಬಂದದ್ದು ಗುರುವಾರ. ಯಾರು ಬಂದಿದ್ದು ಹಾಗಾದ್ರೆ?

“ಇಷ್ಟಕ್ಕೇ ಮುಗಿದಿದ್ರೆ ನಾನು ಹೇಗೋ ಬದುಕ್ತಿದ್ದೆ. ಕೇಳಿ ಮುಂದೆ. ಆ ಮಗಳು ಬುದ್ಧಿವಂತೆ. ಅಮ್ಮ ಸತ್ತ ಮೇಲೆ ನೀರಿನ ಮೇಲೇ ಅನುಮಾನ ಬಂದು, ಮಂಗಳವಾರದಿಂದ ಕುದಿಸಿಯೇ ಕುಡಿಸ್ತಿದ್ಲು. ಮನೇಲಿ ಆರು ವರ್ಷದ ಮಗಳಿದ್ಲು, ದೊಡ್ಡಮ್ಮನ ಮುದ್ದಿನ ಮೊಮ್ಮಗಳು. ಗುರುವಾರ ರಾತ್ರಿ ಆ ಮಗೂನ ತಾಯಿಗೆ ಕನಸು. ಅಮ್ಮ ಬಂದು ತಲೆ ಸವರಿ, ‘ನಾನು ಕೆಳಗೆ ಹೋಗಿ ಕೇಳಿ ಬಂದೆ ಮಗಾ. ಬಾಟ್ಲಿ ತೊಳೆಯೋಳು ಚೆನ್ನಾಗಿದೆ ಅಂದ್ಳು. ಹಸಿ ಸೌದೇಲಿ ಒದ್ದಾಡ್ಬೇಡ, ಕುಡೀರಿ’ ಅಂದ್ಳಂತೆ. ಶುಕ್ರವಾರ ಅವಳು ಕುದಿಸೋದು ಬಿಟ್ಟಳು.”

ವಾಲ್ವ್‌ಮನ್ನು ಕಟ್ಟೆಯಿಂದ ಕೆಳಗಿಳಿದ. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವನಿಗೂ ಇದು ಗೊತ್ತಿದ್ದಂತಿರಲಿಲ್ಲ.

“ಸತ್ತವಳು ಕೂಡ ನಮ್ಮ ಮಾತು ನಂಬಿದ್ಲು ಕಣೋ,” ಎಂದಳು ಅಜ್ಜಿ ಅವನಿಗೆ. ದನಿ ಮೊದಲ ಸಲ ಒಡೆಯಿತು. “ಶನಿವಾರ ಬೆಳಗಿನ ಜಾವ ಮಗೂಗೆ ಶುರುವಾಗಿತ್ತು. ನನ್ನ ತಮ್ಮ ಆ ಮೊಣಕಾಲಲ್ಲಿ ಅವಳನ್ನ ಬೆನ್ನಿಗೆ ಕಟ್ಕೊಂಡು ಇಳಿದ. ದಾರಿ ಪೂರ್ತಿ ಮಾತಾಡಿಸ್ತಾ ಇದ್ನಂತೆ. ಅರ್ಧ ಇಳಿಯೋಷ್ಟರಲ್ಲಿ ಅವಳು ಉತ್ತರ ಕೊಡೋದು ನಿಲ್ಲಿಸಿದ್ಲು. ಅವನು ಮಾತು ನಿಲ್ಲಿಸ್ಲಿಲ್ಲ, ಇಲ್ಲಿಗೆ ಬರೋವರೆಗೂ.”

ಒಲೆಯ ಸೌದೆ ಚಟಪಟ ಎಂದಿತು. ಸ್ಯಾಂಪಲ್ಲಮ್ಮನಿಗೆ ತನ್ನ ಮಗಳು ನೆನಪಾದಳು. ಬೆಳಿಗ್ಗೆ ಹೊರಡುವಾಗ ಲೋಟ ಮುಂದೆ ಚಾಚಿ, “ಅಮ್ಮಾ, ನೀರು,” ಎಂದಿದ್ದಳು. ಕೊಟ್ಟ ನೀರನ್ನು ಕಣ್ಣು ಮುಚ್ಚಿಕೊಂಡು ಗಟಗಟ ಕುಡಿದಿದ್ದಳು. ಯಾವ ಮಗು ತಾನೇ ನೋಡಿ ಕುಡಿಯುತ್ತದೆ?

“ಸಾಹೇಬರ ಹತ್ರ ಹೋಗಿ ಎಲ್ಲಾ ಹೇಳ್ದೆ,” ಅಜ್ಜಿ ಕಣ್ಣೊರೆಸಿಕೊಂಡು ಮತ್ತೆ ಗಟ್ಟಿಯಾದಳು. “ಅಳಲಿಲ್ಲ, ಕಾಲು ಹಿಡೀಲಿಲ್ಲ. ಮಾಡಿದ್ದು ಹೇಳ್ದೆ. ಅವರು ಒಂದು ಮಾತು ಅಂದ್ರು. ‘ತೊಳೆಯೋ ಕೆಲಸ ಮಾಡ್ಕೊಂಡಿರು, ಇನ್ನು ಪೆನ್ನು ಮುಟ್ಬೇಡ.’ ಮುಟ್ಟಿಲ್ಲ. ನೀವೆಲ್ಲ ನಗ್ತೀರಲ್ಲ, ಚೀಟಿ ಬರೆದುಕೊಡಜ್ಜಿ ಅಂದ್ರೆ ನಂಗೆ ಅಕ್ಷರ ಬರಲ್ಲ ಅಂತಾಳೆ ಅಂತ? ಬರುತ್ತೆ ಕಣ್ರೋ. ನಿಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತೆ. ನನ್ನ ತಮ್ಮ ಬದುಕಿರೋವರೆಗೂ ಪ್ರತಿ ತಿಂಗಳು ಕುಂಟ್ಕೊಂಡು ಹತ್ತಿದ. ಇಪ್ಪತ್ತೆರಡು ವರ್ಷ, ಒಂದು ತಿಂಗಳು ತಪ್ಪಿಸ್ಲಿಲ್ಲ.

“ಆ ದೊಡ್ಡಮ್ಮ ಆಮೇಲೆ ನನ್ನ ಹತ್ರ ಕೇಳೋಕೆ ಬರ್ಲಿಲ್ಲ. ಯಾಕೆ ಬರ್ತಾಳೆ? ಒಂದ್ಸಲ ನಂಬಿ ಮೊಮ್ಮಗಳನ್ನ ಕಳ್ಕೊಂಡೋಳು. ಆದ್ರೆ ಬಾಟ್ಲಿ ಬಿಟ್ಟಿಲ್ಲ. ನನ್ನ ತಮ್ಮ ಹೋದ ಮೇಲೆ ಒಬ್ಬ ಬಂದ, ಎರಡನೇ ತಿಂಗಳಿಗೇ ಬಸ್‌ಸ್ಟ್ಯಾಂಡಿನ ನಲ್ಲಿ ನೀರು ತುಂಬಿ ‘ತುದಿಮನೆ’ ಅಂತ ಅಂಟಿಸ್ದ. ಮಸಿ! ಇನ್ನೊಬ್ಬ ಜಾಣ, ಅಂಗಡಿಯಿಂದ ಕುಡಿಯೋ ನೀರಿನ ಬಾಟ್ಲಿ ಕೊಂಡು ತಂದು ತುಂಬಿದ್ದ. ಮಸಿ! ನಿಜವಾಗಿ ಹತ್ತಿ ತಂದ ನೀರು ನಿಜವಾದದ್ದನ್ನೇ ಹೇಳುತ್ತೆ, ಅದಕ್ಕೆ ಅವಳು ಕೈ ಹಾಕಲ್ಲ. ಸುಳ್ಳು ಬಾಟ್ಲಿ ಮಾತ್ರ ಸಹಿಸಲ್ಲ. ಅದಕ್ಕೇ ನಿವೃತ್ತಿ ಆದ್ರೂ ದಿನಾ ಬರ್ತೀನಿ. ಪೆಟ್ಟಿಗೆ ತೆಗೆಯೋವಾಗ ಯಾರಾದ್ರೂ ಗೊತ್ತಿರೋರು ಇರ್ಬೇಕಲ್ಲ?”

ಅವಳು ಮಂಡಿಗೆ ಕೈಯೂರಿ ಎದ್ದಳು. “ಕೊಡ ತಣ್ಣಗಾಗಿರುತ್ತೆ, ನೀರು ಬದಲಾಯ್ಸಬೇಕು,” ಎನ್ನುತ್ತ ಪೆಟ್ಟಿಗೆಯ ಕಂಬಳಿಗೆ ಕೈ ಹಾಕಿದಳು.

“ಅಜ್ಜಿ, ತೆಗೀಬೇಡಿ!”

ಸ್ಯಾಂಪಲ್ಲಮ್ಮ ಎದ್ದು ನಿಂತಿದ್ದಳು. ವಾಲ್ವ್‌ಮನ್ನು ಅಭ್ಯಾಸಬಲದಿಂದ, “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು,” ಎಂದು ನಗಲು ಹೋದವನು, ಅವಳ ಮುಖ ನೋಡಿ ಬಾಯಿ ಮುಚ್ಚಿದ.

“ನಾನು ಹತ್ತಲಿಲ್ಲ,” ಎಂದಳು ಅವಳು. “ನಾಲ್ಕು ಊರು ಮುಗಿಸೋಷ್ಟರಲ್ಲಿ ಮಳೆ... ದಾರಿ ಜಾರ್ತಿತ್ತು... ಇಲ್ಲ, ಅದೆಲ್ಲ ಬೇಡ. ನಾನು ಹತ್ತಲಿಲ್ಲ ಅಜ್ಜಿ. ಇದೇ ನಲ್ಲಿ. ನೀವು ಸಕ್ಕರೆ ತರೋಕೆ ಹೋದಾಗ.”

ಬೈಗುಳ ಬೀಳುತ್ತದೆಂದು ಅವಳು ತಲೆ ತಗ್ಗಿಸಿದಳು. ಆದರೆ ಅಜ್ಜಿ ಕೇಳಿದ್ದು ಬೇರೆ. “ಅವರಿಗೆ ನೀರು ಸರಿ ಇದೆ ಅಂತ ಹೇಳ್ಬಿಟ್ಟಿದೀಯಾ?”

“ಇನ್ನೂ ಇಲ್ಲ. ನಾಳೆ ಹೇಳ್ತೀನಿ ಅಂದಿದ್ದೆ.”

“ಹಾಗಾದ್ರೆ ಯಾಕೆ ನಿಂತಿದೀಯಾ ಗರ ಬಡಿದೋಳ ಹಾಗೆ? ಫೋನು ಮಾಡು!”

ಸಿಗ್ನಲ್ಲು ಸಿಗುತ್ತಿದ್ದದ್ದು ಕಿಟಕಿಯ ಒಂದು ಮೂಲೆಯಲ್ಲಿ ಮಾತ್ರ. ಎರಡು ಸಲ ಕಡಿದು ಮೂರನೆಯ ಸಲ ಗಂಟೆ ಹೋಯಿತು. ಅವಳು ಸ್ಪೀಕರು ಒತ್ತಿ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆ ಕಡೆಯಿಂದ ತುದಿಮನೆಯ ಸೊಸೆಯ ದನಿ, ಹಿಂದೆ ಮಳೆಯ ಸದ್ದು.

“ಹೇಳಿ ಅಕ್ಕಾ.”

“ನೋಡಮ್ಮಾ... ನಾನು ಇವತ್ತು ನಿಮ್ಮಲ್ಲಿಗೆ ಬಂದಿಲ್ಲ. ಬರ್ತೀನಿ ಅಂದಿದ್ದೆ, ಬರಲಿಲ್ಲ. ನಿಮ್ಮ ನೀರು ಹೇಗಿದೆ ಅಂತ ನಂಗೊತ್ತಿಲ್ಲ. ನಾನು ಬಂದು ನೋಡೋವರೆಗೆ ಒಂದು ಹನೀನೂ ಹಾಗೇ ಕುಡೀಬೇಡಿ. ಮಕ್ಕಳಿಗಂತೂ ಕೊಡ್ಲೇಬೇಡಿ. ಕುದಿಸಿ, ಚೆನ್ನಾಗಿ ಮರಳಿಸಿ. ಎಲ್ಲಾ ಒಂಬತ್ತು ಮನೆಗೂ ಹೇಳು.”

“ಅಯ್ಯೋ ಅಕ್ಕಾ, ಅದಕ್ಯಾಕೆ ಇಷ್ಟು ಗಾಬರಿ? ಆಗ್ಲೇ ಕುದಿಸ್ತಿದೀವಲ್ಲ! ನೀವು ಕಳಿಸಿದ ಅಜ್ಜಿ ಬಂದು ಹೇಳಿ ಹೋದ್ರು.”

ನರ್ಸು ಅಜ್ಜಿಯ ಕಡೆ ತಿರುಗಿದಳು.

“ಯಾವ... ಅಜ್ಜಿ?”

“ನಿಮ್ಮ ಆಫೀಸಿನೋರಲ್ವಾ? ಮಧ್ಯಾಹ್ನ ಮೂರೂವರೆ ಇರ್ಬಹುದು. ಕೈಯಲ್ಲಿ ಒಂದು ತಂಬಿಗೆ ಹಿಡ್ಕೊಂಡು ಬಾಗಿಲಿಗೆ ಬಂದ್ರು. ‘ಬಾವಿ ನೀರು ಕುಡೀಬೇಡಿ, ಕೆಳಗಿನೋರು ಏನು ಹೇಳಿದ್ರೂ ಕುದಿಸೇ ಕುಡೀರಿ’ ಅಂದ್ರು. ಪಾಪ, ಇಷ್ಟು ದೂರ ಹತ್ತಿ ಬಂದಿದಾರೆ, ಕುಡಿಯೋಕೆ ಕೊಡೋಣ ಅಂತ ನೀರು ಕಾಯಿಸಿ ತರೋಷ್ಟರಲ್ಲಿ ಹೊರಟೇಹೋಗಿದ್ರು. ಗಟ್ಟಿ ಜೀವ ಬಿಡಿ! ಈ ಮಳೇಲಿ ಬಂದ್ರೂ ಸೀರೆಯ ಒಂದು ಅಂಚೂ ನೆನೆದಿರ್ಲಿಲ್ಲ...”

ಸಿಗ್ನಲ್ಲು ಕಡಿಯಿತು. ಸ್ಯಾಂಪಲ್ಲಮ್ಮ ಗೋಡೆಗೊರಗಿ ಕೂತಳು. ಅವಳಿಗೆ ಅಳು ಬಂತು. ಭಯಕ್ಕೋ, ಒಂಬತ್ತು ಮನೆಯ ಮಕ್ಕಳು ಬಚಾವಾದ ಸಮಾಧಾನಕ್ಕೋ ಅವಳಿಗೇ ತಿಳಿಯಲಿಲ್ಲ. ನರ್ಸು ಬಂದು ಅವಳ ಭುಜ ಹಿಡಿದುಕೊಂಡಳು. ಡ್ರೈವರು ಬಾಗಿಲಿನ ಅಗಳಿಯನ್ನು ನೋಡಿದ, ಅದು ಹಾಕಿತ್ತು, ಆದರೂ ಎದ್ದು ಹೋಗಿ ಇನ್ನೊಮ್ಮೆ ಒತ್ತಿ ಬಂದ.

ಅಜ್ಜಿಗೆ ಮಾತ್ರ ಯಾವ ಗಡಿಬಿಡಿಯೂ ಇರಲಿಲ್ಲ. ಗೂಡಿನಿಂದ ಬಾಟ್ಲಿಯೊಂದನ್ನು ತೆಗೆದು, ಒಲೆಯ ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಒರೆಸಿ, ಮದ್ದಿನ ಕಾಗದ ಹಾಕಿ ಮುಚ್ಚಳ ಬಿಗಿದಳು. ಅದನ್ನು ಸ್ಯಾಂಪಲ್ಲಮ್ಮನ ಮಡಿಲಲ್ಲಿ ಇಟ್ಟಳು.

“ಏಳು. ಅಳೋದು ಸಾಕು. ನಾಳೆ ಸಾಹೇಬರಿಗೆ ನಡೆದದ್ದು ಹೇಳು, ಬೈದ್ರೆ ಬೈಸ್ಕೊ. ಹಳ್ಳದ ನೀರು ಇಳೀತಿದ್ದ ಹಾಗೆ ಹೊರಡು. ವಾಲ್ವಣ್ಣ ಪುಡಿ ಚೀಲ ಹೊತ್ಕೊಂಡು ಜೊತೆಗೆ ಬರ್ತಾನೆ.”

“ನಾನಾ ಅಜ್ಜಿ?” ಎಂದ ವಾಲ್ವ್‌ಮನ್ನು.

“ನೀನೇ. ಕಟ್ಟೆ ಕುಸಿದಿದ್ರೆ ಕಟ್ಟೋರು ಯಾರು, ನಾನಾ? ಈ ಪೆಟ್ಟಿಗೇಲಿರೋ ಆ ಬಾಟ್ಲಿ ಚಿಂತೆ ಯಾರಿಗೂ ಬೇಡ. ಅದು ಏನಾಗಿರುತ್ತೆ ಅಂತ ನಂಗೊತ್ತು, ಬೆಳಿಗ್ಗೆ ನಾನೇ ತೊಳೀತೀನಿ.” ಅವಳು ಪೆಟ್ಟಿಗೆಯ ಕಂಬಳಿಯನ್ನು ಮಲಗಿದ ಮಗುವಿಗೆ ಹೊದಿಸುವಂತೆ ಸರಿಪಡಿಸಿದಳು. ಆಮೇಲೆ ಸ್ಯಾಂಪಲ್ಲಮ್ಮನ ಕಡೆ ತಿರುಗಿದಳು.

“ಇನ್ನೊಂದು ಮಾತು ಮಗಾ. ಅರ್ಧ ದಾರೀಲಿ ಒಂದು ಬಂಡೆ ಸಿಗುತ್ತೆ. ಅಲ್ಲಿ ಯಾರಾದ್ರೂ ಹೆಂಗಸು ಕೂತಿದ್ದು, ನಿನ್ನ ಜೊತೆ ಎದ್ದು ನಡೆಯೋಕೆ ಶುರು ಮಾಡಿದ್ರೆ ಹೆದರಿ ಓಡ್ಬೇಡ. ಏನೂ ಮಾಡಲ್ಲ. ನನ್ನ ತಮ್ಮನ ಜೊತೆ ಇಪ್ಪತ್ತೆರಡು ವರ್ಷ ನಡೆದಿದಾಳೆ. ‘ನಮ್ಮ ನೀರು ಹೇಗಿದೆಯಮ್ಮಾ’ ಅಂತ ಕೇಳಿದ್ರೆ, ‘ಇನ್ನೂ ನೋಡಿಲ್ಲ ದೊಡ್ಡಮ್ಮಾ, ನೋಡೋಕೇ ಹೊರಟಿದೀನಿ’ ಅನ್ನು, ಅಷ್ಟೇ ಸಾಕು ಅವಳಿಗೆ. ಆದ್ರೆ ಒಂದು ನೆನಪಿಟ್ಕೋ... ಅವಳ ಬೆನ್ನ ಮೇಲೆ ಒಂದು ಮಗು ಇರುತ್ತೆ. ಅದು ‘ನೀರು’ ಅಂತ ಕೈ ಚಾಚುತ್ತೆ. ಏನೇ ಆದ್ರೂ, ಕುದಿಸದ ನೀರು ಮಾತ್ರ ಕೊಡ್ಬೇಡ.”